ಮೂರು ಅಂಕದೊಳಗಿನ ವಿಮರ್ಶೆ

ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆ ಕನ್ನಡದಲ್ಲಿ ಸಂದರ್ಭ ವಿವರಿಸುವ ಪ್ರಶ್ನೆಗೆ ಮೂರು ಅಂಕ. ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ವಿಂಗಡಿಸಿ ಬರೆಯುವುದು ರೂಢಿ. ಮೊದಲೆರಡು ನೆನಪಿನ ಕೆಲಸ. ಮೂರನೆಯದು ಅಪ್ಪಟ ವಿಮರ್ಶೆ. ಆದರೆ ಮಕ್ಕಳು ಯೋಚಿಸಿ ಬರೆಯಬೇಕಾದ ಸ್ವಾರಸ್ಯದ ಎರಡು ಸಾಲನ್ನೂ ಗೈಡುಗಳೇ ಬರೆದುಕೊಟ್ಟಿವೆ. ‘ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ’ ಎಂಬ ಬಾಲ ಯಾವ ಪಾಠಕ್ಕಾದರೂ ಅಂಟಿಕೊಳ್ಳುತ್ತದೆ.

ಬೆಂಗಳೂರಿನ ಪೀಣ್ಯದಂಥ ಕಡೆ ಇದು ದೊಡ್ಡ ನಷ್ಟ. 1970ರ ದಶಕದಲ್ಲಿ ತಲೆಯೆತ್ತಿದ ಈ ಕೈಗಾರಿಕಾ ಪ್ರದೇಶದ ಸುತ್ತ, ಲಗ್ಗೆರೆ, ಹೆಗ್ಗನಹಳ್ಳಿ, ದಾಸರಹಳ್ಳಿಗಳಲ್ಲಿ, ಲೇತ್ ಮುಂದೆ ನಿಲ್ಲುವ ಅಪ್ಪಂದಿರ, ಗಾರ್ಮೆಂಟ್ಸಿಗೆ ಹೋಗುವ ಅಮ್ಮಂದಿರ ಮಕ್ಕಳಿದ್ದಾರೆ. ಉತ್ತರ ಕರ್ನಾಟಕದಿಂದ ಬಂದವರ ಮನೆಮಾತು ಪಠ್ಯದ ಕನ್ನಡದಂತಿಲ್ಲ.

ಹತ್ತನೇ ತರಗತಿಯ ‘ಸಿರಿ ಕನ್ನಡ’ದ ಹಲಗಲಿ ಬೇಡರ ಲಾವಣಿಯನ್ನೇ ನೋಡಿ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಲು ಹೇಳಿದಾಗ ಮುಧೋಳ ಸೀಮೆಯ ಬೇಡರು ತಿರುಗಿಬಿದ್ದ ಕಥೆ ಅದು. ಬೆಂಗಳೂರಿನ ಹುಡುಗನಿಗೆ ಅರ್ಥಕೋಶ ಬೇಕಾಗುವ ಪದಗಳು ಬಾಗಲಕೋಟೆಯಿಂದ ಬಂದ ಹುಡುಗಿಗೆ ಅಜ್ಜಿಯ ಬಾಯಿಂದಲೇ ಗೊತ್ತು. ಆ ದಿನ ತರಗತಿಗೆ ಅರ್ಥ ಹೇಳಬೇಕಾದವಳು ಅವಳೇ. ಸರ್ಕಾರಿ ದಾಖಲೆಯಲ್ಲಿ ದಂಗೆಕೋರರಾದವರು ಲಾವಣಿಕಾರನಿಗೆ ವೀರರು ಹೇಗಾದರು ಎಂದು ಕೇಳಿದರೆ ಸಾಕು, ವಸಾಹತುಶಾಹಿಯ ಚರ್ಚೆ ಆ ಪದವನ್ನೇ ಎತ್ತದೆ ಶುರುವಾಗುತ್ತದೆ.

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಯುದ್ಧ’ ಇನ್ನೊಂದು. 2022ರ ಪರಿಷ್ಕರಣೆಯಲ್ಲಿ ಕೈಬಿಟ್ಟಿದ್ದ ಈ ಕಥೆಯನ್ನು 2023ರಲ್ಲಿ ಮತ್ತೆ ಸೇರಿಸಲಾಯಿತು. ಶತ್ರುದೇಶದ ವೈದ್ಯ, ಹೆರಿಗೆನೋವಿನ ಹೆಣ್ಣು, ಅವನನ್ನು ಸೈನಿಕರಿಗೆ ಒಪ್ಪಿಸದ ಮುದುಕಿ. ಈ ಕಥೆಯನ್ನೇ ಒಬ್ಬ ಸೈನಿಕ ಹೇಳಿದ್ದರೆ ಮುದುಕಿ ಏನಾಗುತ್ತಿದ್ದಳು? ಈ ಪ್ರಶ್ನೆ ಸ್ತ್ರೀವಾದಿ ಓದಿನ ಮೊದಲ ಮೆಟ್ಟಿಲು. ಪಠ್ಯಕ್ಕೆ ಏನು ಬೇಕು, ಏನು ಬೇಡ ಎಂದು ತೀರ್ಮಾನಿಸುವವರು ಯಾರು ಎಂಬುದೂ ಹದಿನೈದರ ಮಕ್ಕಳು ಕೇಳಬೇಕಾದ ಪ್ರಶ್ನೆಯೇ.

ಇಷ್ಟು ಎಳೆಯರಿಗೆ ಸಿದ್ಧಾಂತವೇಕೆ ಎನ್ನುವವರಿದ್ದಾರೆ. ಅಮೆರಿಕದ ಡೆಬೊರಾ ಆಪಲ್‌ಮನ್ 2000ದಲ್ಲೇ ಹೈಸ್ಕೂಲು ಮಕ್ಕಳಿಗೆ ಸಾಹಿತ್ಯ ಸಿದ್ಧಾಂತ ಕಲಿಸುವ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ನಮ್ಮಲ್ಲಂತೂ ಕುಮಾರವ್ಯಾಸನ ಕರ್ಣ, ರನ್ನನ ದುರ್ಯೋಧನ ಇಬ್ಬರೂ ಒಂದೇ ಪಠ್ಯದಲ್ಲಿದ್ದಾರೆ. ಸೋತವರ ಕಡೆಯಿಂದ ಮಹಾಭಾರತ ಓದುವುದನ್ನು ಕನ್ನಡದ ಮಕ್ಕಳಿಗೆ ಹೊರಗಿನವರು ಕಲಿಸಬೇಕಿಲ್ಲ.

ಅಡ್ಡಿ ಇರುವುದು ಮೌಲ್ಯಮಾಪನದಲ್ಲಿ. ಮಾದರಿ ಉತ್ತರಕ್ಕೆ ಹೊಂದದಿದ್ದರೂ ಪಾಠದ ಆಧಾರ ಕೊಟ್ಟು ಬರೆದ ಸ್ವಾರಸ್ಯಕ್ಕೆ ಪೂರ್ಣ ಅಂಕ ಕೊಡಿ ಎಂದು ಪರೀಕ್ಷಾ ಮಂಡಳಿ ಸ್ಪಷ್ಟವಾಗಿ ಹೇಳಲಿ. ಅಲ್ಲಿಯವರೆಗೆ ಶಾಲೆಯ ಕಿರುಪರೀಕ್ಷೆಗಳಲ್ಲಾದರೂ ಕನ್ನಡ ಮೇಷ್ಟ್ರು, ಮೇಡಂಗಳು ಆ ಸ್ವಾತಂತ್ರ್ಯ ಕೊಡಲಿ.