ಒಂಟಿ ‘ಎಸ್’ ಅಕ್ಷರದ ವೃತ್ತಾಂತ

‘ಮೈ ಫಾದರ್ ಗೋ ಟು ದಿ ಆಫೀಸ್’ ಎಂದು ವಿದ್ಯಾರ್ಥಿಯು ಬರೆಯುತ್ತಾನೆ. ‘ಗೋ’ ಅಲ್ಲ, ‘ಗೋಸ್’ ಎಂದು ಉಪಾಧ್ಯಾಯರು ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. ನಾವೆಲ್ಲರೂ ಒಂದು ಕಾಲಕ್ಕೆ ಈ ತಿದ್ದುಪಡಿಗೆ ಗುರಿಯಾದವರೇ. ಐ, ವೀ, ಯೂ, ದೇ ಎಂಬ ಸರ್ವನಾಮಗಳಿಗೆಲ್ಲ ‘ಗೋ’ ಎಂಬ ಒಂದೇ ರೂಪವು ಸಾಕಾಗಿರುವಾಗ, ಹೀ, ಶೀ, ಇಟ್ ಎಂಬ ಮೂರಕ್ಕೆ ಮಾತ್ರ ಈ ಬಾಲವೇಕೆ?

ಕರ್ತೃವನ್ನನುಸರಿಸಿ ಕ್ರಿಯಾಪದವು ಬದಲಾಗುವುದು ಕನ್ನಡಿಗರಿಗೆ ಹೊಸತಲ್ಲ. ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾಳೆ ಎಂದರೆ ಸಾಕು; ಹೋಗುವವರು ಯಾರೆಂಬುದು ತಾನಾಗಿ ತಿಳಿಯುತ್ತದೆ. ಸುಮಾರು 1000 ವರ್ಷಗಳ ಹಿಂದಿನ ಇಂಗ್ಲಿಷೂ ಒಂದು ಮಟ್ಟಿಗೆ ಹೀಗೆಯೇ ಇದ್ದಿತು. ‘ಹಾಡು’ ಎಂಬ ಅರ್ಥದ ಧಾತುವು ‘ನಾನು’ ಎಂಬುದರೊಡನೆ ‘ಸಿಂಗೆ’, ‘ನೀನು’ ಎಂಬುದರೊಡನೆ ‘ಸಿಂಗೆಸ್ಟ್’, ‘ಅವನು’ ಎಂಬುದರೊಡನೆ ‘ಸಿಂಗೆಥ್’, ಬಹುವಚನದಲ್ಲಿ ‘ಸಿಂಗಥ್’ ಎಂದಾಗುತ್ತಿದ್ದಿತು. ಕಾಲಕ್ರಮದಲ್ಲಿ ಪದಾಂತ್ಯದ ಧ್ವನಿಗಳು ಸವೆದು, ಪ್ರತ್ಯಯಗಳು ಒಂದೊಂದಾಗಿ ಉದುರಿದುವು.

‘ಎಸ್’ ಬಂದುದು ಉತ್ತರ ಇಂಗ್ಲೆಂಡಿನಿಂದ. ಅಲ್ಲಿಯ 10ನೆಯ ಶತಮಾನದ ಬರಹಗಳಲ್ಲಿಯೇ ‘ಥ್’ ಇರಬೇಕಾದೆಡೆ ‘ಸ್’ ಕಾಣಿಸಿಕೊಳ್ಳುತ್ತದೆ. 14ನೆಯ ಶತಮಾನದ ಚಾಸರ್ ಕವಿಯು ತನ್ನ ‘ಕ್ಯಾಂಟರ್ಬರಿ ಕಥೆ’ಗಳೊಂದರಲ್ಲಿ ಉತ್ತರದೇಶದ ಇಬ್ಬರು ವಿದ್ಯಾರ್ಥಿಗಳ ಬಾಯಲ್ಲಿ ಈ ‘ಸ್’ ಆಡಿಸಿದ್ದಾನೆ. ಲಂಡನ್ನಿನವರ ಕಿವಿಗೆ ಅದು ಹಳ್ಳಿಯ ಮಾತು! 1611ರ ಬೈಬಲ್ ಭಾಷಾಂತರವು ಹಳೆಯ ‘ಥ್’ ಅನ್ನೇ ಉಳಿಸಿಕೊಂಡಿತಾದರೂ ಆಡುಮಾತಿನಲ್ಲಿ ಉತ್ತರದ ‘ಸ್’ ಗೆದ್ದಿತು.

‘ನೀನು’ ಎಂಬರ್ಥದ ‘ದೌ’ ಶಬ್ದದ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ‘ಯೂ’ ಮೂಲತಃ ಬಹುವಚನ. ನಮ್ಮ ‘ನೀವು’ ಎಂಬಂತೆ ಅದನ್ನು ಒಬ್ಬರಿಗೆ ಗೌರವಾರ್ಥವಾಗಿ ಬಳಸತೊಡಗಿ, ಕೊನೆಗೆ ಸರ್ವರಿಗೂ ಅದನ್ನೇ ಅನ್ವಯಿಸಿದರು. ‘ದೌ’ ಮರೆಯಾಗಲು ಅದರ ‘ಸ್ಟ್’ ಪ್ರತ್ಯಯವೂ ಹೋಯಿತು. ಎದುರಿಗಿರುವವನು ಒಬ್ಬನೇ ಆದರೂ ‘ಯೂ ಈಸ್’ ಎನ್ನದೆ ‘ಯೂ ಆರ್’ ಎನ್ನುವುದು ಇದರಿಂದಲೇ.

ಆದರೆ ಈ ಗೌರವವು ಪ್ರಥಮ ಪುರುಷಕ್ಕೆ ಹಬ್ಬಲಿಲ್ಲ. (ನಮ್ಮ ವ್ಯಾಕರಣದ ಪ್ರಥಮ ಪುರುಷವು ಅವರ ಎಣಿಕೆಯಲ್ಲಿ ಮೂರನೆಯದೆಂಬುದನ್ನು ವಾಚಕರು ಗಮನಿಸಬೇಕು.) ನಮ್ಮ ತಂದೆಯವರು ‘ಹೋಗುತ್ತಾರೆ’, ಇಂಗ್ಲಿಷಿನ ತಂದೆಯಾದರೋ ಏಕವಚನದಲ್ಲಿಯೇ ಹೋಗಬೇಕು. ಹಿರಿಯರ ವಿಷಯದಲ್ಲಿ ನಮ್ಮ ವಿದ್ಯಾರ್ಥಿಯ ‘ಎಸ್’ ತಪ್ಪಿಹೋಗಲು ಈ ಬಹುವಚನದ ಸಂಸ್ಕಾರವೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಈ ‘ಎಸ್’ ಒಂದು ಕ್ರಿಯೆಗೆ ಒಮ್ಮೆ ಮಾತ್ರ ಬರುತ್ತದೆ. ಸಹಾಯಕ ಕ್ರಿಯಾಪದವು ಮುಂದೆ ಬಂದರೆ ಅದು ಅಲ್ಲಿಗೆ ನೆಗೆಯುತ್ತದೆ: ‘ಹೀ ಗೋಸ್’, ಆದರೆ ‘ಡಸ್ ಹೀ ಗೋ?’; ಅಂತೆಯೇ ‘ಹೀ ಈಸ್ ಗೋಯಿಂಗ್’, ‘ಹೀ ಹ್ಯಾಸ್ ಗಾನ್’. ‘ಡಸ್ ಹೀ ಗೋಸ್’ ಎಂಬುದು ಒಂದೇ ತಲೆಗೆ ಎರಡು ಪೇಟ ಸುತ್ತಿದಂತೆ. ‘ಕ್ಯಾನ್’, ‘ಮಸ್ಟ್’ ಮೊದಲಾದುವು ಹಿಂದಿನ ಭೂತಕಾಲದ ರೂಪಗಳಿಂದ ಹುಟ್ಟಿದುವಾದುದರಿಂದ ಅವಕ್ಕೆ ಬಾಲವೇ ಇಲ್ಲ.

ಇಂಗ್ಲೆಂಡಿನ ಪೂರ್ವಭಾಗದ ಈಸ್ಟ್ ಆಂಗ್ಲಿಯದಲ್ಲಿ ‘ಹೀ ಗೋ’ ಎನ್ನುವುದೇ ಪರಂಪರಾಗತವಾದ ಆಡುನುಡಿ. ನಮ್ಮ ವಿದ್ಯಾರ್ಥಿಗಳ ದುರದೃಷ್ಟ, ಪರೀಕ್ಷಕರು ಆ ಪ್ರಾಂತದವರಲ್ಲ.