ಹಳೆಯ ಲೇತಿನ ಹಲ್ಲು ನೋಡುವುದು ಹೇಗೆ?

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಅದರ ಕೊಂಬಿಗೆ ಬಳಿದ ಬಣ್ಣ ನೋಡಿ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿಯುವುದು ಆಮೇಲಿನ ಮಾತು. ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಹಳೆಯ ಲೇತ್ ಕೊಳ್ಳಲು ಹೊರಟವನಿಗೂ ಇದೇ ಜಾಣತನ ಬೇಕು.

ಯಾಕೆಂದರೆ ಕೊಳ್ಳುವವನು ಸಾಮಾನ್ಯವಾಗಿ ದೊಡ್ಡ ಕಾರ್ಖಾನೆಯ ಮಾಲೀಕನಲ್ಲ. ಐ.ಟಿ.ಐ. ಮುಗಿಸಿ, ಹತ್ತು ವರ್ಷ ಬೇರೆಯವರ ವರ್ಕ್‌ಶಾಪಿನಲ್ಲಿ ದುಡಿದು, ಸ್ವಂತದ್ದೊಂದು ಶೆಡ್ ಮಾಡಿಕೊಳ್ಳಬೇಕೆಂದು ಕನಸು ಕಟ್ಟಿದ ಟರ್ನರ್ ಆತ. ಕೈಯಲ್ಲಿರುವುದು ಉಳಿತಾಯದ ಹಣ, ಜೊತೆಗೆ ಹೆಂಡತಿಯ ಒಡವೆ ಅಡವಿಟ್ಟು ತಂದ ಸಾಲ. ತಪ್ಪು ಎತ್ತನ್ನು ಮುಂದಿನ ಜಾತ್ರೆಯಲ್ಲಿ ಮಾರಬಹುದು. ಟನ್ನುಗಟ್ಟಲೆ ತೂಗುವ ತಪ್ಪು ಲೇತನ್ನು ಶೆಡ್ಡಿನಿಂದ ಹೊರಗೆ ತರಲಿಕ್ಕೇ ಮತ್ತೆ ಕ್ರೇನ್ ಬಾಡಿಗೆ ಕೊಡಬೇಕು!

ಯಂತ್ರಗಳ ತಾಯಿ

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವುದನ್ನು ನೋಡಿದವರಿಗೆ ಲೇತಿನ ತತ್ವ ಹೊಸದಲ್ಲ. ಮರ ತಿರುಗುತ್ತದೆ, ಉಳಿ ತಾಗುತ್ತದೆ, ಉಂಡೆಯಾದ ಆಕಾರ ಮೂಡುತ್ತದೆ. ಅಲ್ಲಿ ಉಳಿ ಹಿಡಿಯುವುದು ಕುಶಲಕರ್ಮಿಯ ಕೈ. ಉಕ್ಕನ್ನು ಹೀಗೆ ಕೈಯಲ್ಲಿ ಕಡೆದು ಒಂದೇ ಅಳತೆಯ ನೂರು ತುಂಡು ಮಾಡುವುದು ಕಷ್ಟ. 1800ರ ಸುಮಾರಿಗೆ ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲೇ, ಉಳಿಯನ್ನು ಜಾರುವ ಹಿಡಿಕೆಯಲ್ಲಿ ಬಿಗಿದು, ಅದನ್ನು ಉದ್ದನೆಯ ಲೀಡ್ ಸ್ಕ್ರೂ ಮತ್ತು ಬದಲಿಸಬಹುದಾದ ಗೇರುಗಳಿಗೆ ಜೋಡಿಸಿದ. ಒಂದೇ ತೆರನಾದ ಮರೆಗಳುಳ್ಳ ಸ್ಕ್ರೂಗಳನ್ನು ಮತ್ತೆ ಮತ್ತೆ ಕತ್ತರಿಸುವುದು ಇದರಿಂದ ಸುಲಭವಾಯಿತು. ಬೇರೆ ಯಂತ್ರಗಳ ಭಾಗಗಳನ್ನು ಹೆರುವುದರಿಂದಲೇ ಲೇತಿಗೆ ‘ಯಂತ್ರಗಳ ತಾಯಿ’ ಎಂಬ ಹೆಸರು.

ಈ ತಾಯಿಯ ಕತೆಯಲ್ಲಿ ಕರ್ನಾಟಕಕ್ಕೂ ದೊಡ್ಡ ಪಾಲಿದೆ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿತು. ಹರಿಹರದ ಆ ಕಾರ್ಖಾನೆ ಮುಚ್ಚಿಹೋಗಿದೆ. ಆದರೆ ಅಲ್ಲಿ ತಯಾರಾದ ಲೇತುಗಳು ಸಣ್ಣ ವರ್ಕ್‌ಶಾಪುಗಳಲ್ಲಿ ಇಂದಿಗೂ ತಿರುಗುತ್ತಿವೆ. ದಪ್ಪ ಬೀಡು ಕಬ್ಬಿಣದ ಮೈ ಕಂಪನವನ್ನು ನುಂಗಿಕೊಳ್ಳುತ್ತದೆ. ಹಳೆಯದಕ್ಕೆ ಇಂದಿಗೂ ಗಿರಾಕಿ ಇರುವುದು ಅದಕ್ಕೇ.

ಬೆಡ್ಡೇ ಜಾತಕ

ಹೊಳೆಯುವ ಹೊಸ ಹಸಿರು ಬಣ್ಣ ಲೇತಿನ ಬಗ್ಗೆ ಏನೂ ಹೇಳುವುದಿಲ್ಲ. ಹೇಳುವುದು ಬೆಡ್, ಅಂದರೆ ಉಳಿ ಹೊತ್ತ ಸ್ಯಾಡಲ್ ಹಿಂದೆ ಮುಂದೆ ಜಾರುವ ಹಳಿ. ಹೆಚ್ಚಿನ ಕೆಲಸಗಳು ಗಿಡ್ಡ ತುಂಡುಗಳವು. ಅವು ನಡೆಯುವುದು ಚಕ್ಕಿನ ಪಕ್ಕದಲ್ಲೇ. ಅಲ್ಲಿ ಬೀಳುವ ಬೀಡಿನ ಪುಡಿ, ಎಮೆರಿ ಕಾಗದದ ಹರಳು ಎಣ್ಣೆಯಲ್ಲಿ ಕಲೆತು ಹಳಿಯನ್ನು ತೇಯುತ್ತವೆ. ಆದ್ದರಿಂದ ಬೆಡ್ಡಿನ ಎಡಭಾಗ ಸವೆದು, ಬಲತುದಿ ಹೊಸದರಂತೆಯೇ ಉಳಿಯುತ್ತದೆ.

ಚಕ್ಕಿನ ಬಳಿ ಹಳಿಯ ಅಂಚಿನ ಮೇಲೆ ಅಡ್ಡಲಾಗಿ ಉಗುರು ಎಳೆಯಿರಿ. ಮೆಟ್ಟಿಲಿನಂತೆ ತಡೆದರೆ ಸವೆತ ಜಾಸ್ತಿ. ಇನ್ನೊಂದು ಪರೀಕ್ಷೆ: ಚಕ್ಕಿನ ಬಳಿ ಸ್ಯಾಡಲ್ಲಿನ ಪಟ್ಟಿಗಳನ್ನು ಸಡಿಲವಿಲ್ಲದಂತೆ ಬಿಗಿದು, ಬಲತುದಿಗೆ ತಿರುಗಿಸಿಕೊಂಡು ಹೋಗಿ. ನಡುವೆ ಎಲ್ಲಾದರೂ ಕಚ್ಚಿಕೊಂಡು ನಿಂತರೆ ಬೆಡ್ ಒಂದೇ ಸಮನಾಗಿಲ್ಲ ಎಂದು ಅರ್ಥ.

‘ಬೆಡ್ ಹೊಸದಾಗಿ ಗ್ರೈಂಡ್ ಮಾಡಿಸಿದ್ದೇವೆ’ ಎಂದು ಮಾರುವವರು ಹೇಳಿದರೆ ಖುಷಿಪಡುವ ಮೊದಲು ಒಂದು ಪ್ರಶ್ನೆ ಕೇಳಿ. ಹಳಿ ತಗ್ಗಿದರೆ ಅದರ ಮೇಲಿನ ಸ್ಯಾಡಲ್ ಕೂಡ ಕೆಳಗಿಳಿಯುತ್ತದೆ. ಆಗ ಅದು ಲೀಡ್ ಸ್ಕ್ರೂವಿಗೆ ಸರಿಯಾಗಿ ಹೊಂದುವುದಿಲ್ಲ. ಸ್ಯಾಡಲ್ಲನ್ನು ಮತ್ತೆ ಎತ್ತರಿಸಿದ್ದಾರೆಯೇ? ಉತ್ತರ ತಡವರಿಸಿದರೆ ಜಾಗ್ರತೆ.

ಕಿವಿ, ಕೈ ಮತ್ತು ಮೈಕ್ರೋಮೀಟರ್

ಕರೆಂಟ್ ತೆಗೆಸಿ, ಒಂದೊಂದೇ ಗೇರಿಗೆ ಹಾಕಿ ಚಕ್ಕನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಪ್ರತಿ ಸುತ್ತಿಗೂ ಒಂದೇ ಕಡೆ ‘ಟಕ್’ ಎಂದರೆ ಗೇರಿನ ಹಲ್ಲು ಮುರಿದಿರಬಹುದು. ಸ್ಪಿಂಡಲ್ಲಿನ ಮೂತಿಗೆ ಡಯಲ್ ಗೇಜ್ ಇಟ್ಟು, ಚಕ್ಕಿನಲ್ಲಿ ಹಿಡಿದ ಸರಳನ್ನು ಮೇಲಕ್ಕೆ ಮೀಟಿ ನೋಡಿ. ಹಳೆಯ ಗನ್‌ಮೆಟಲ್ ಬೇರಿಂಗಿನಲ್ಲಿ ಎಣ್ಣೆಗೆ ಜಾಗ ಬೇಕಾದ್ದರಿಂದ ಒಂದು ‘ಥೌ’ ಅಂದರೆ ಅಂಗುಲದ ಸಾವಿರದಲ್ಲೊಂದು ಭಾಗದಷ್ಟು ಅಲುಗಾಟ ಸಹಜ. ಅದಕ್ಕಿಂತ ತೀರಾ ಹೆಚ್ಚಾದರೆ ಚೌಕಾಶಿಗೆ ಕಾರಣ ಸಿಕ್ಕಂತಾಯಿತು. ಆಮೇಲೆ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಬೇರಿಂಗಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಸರಿ, ಕೈ ಸುಟ್ಟರೆ ಸರಿಯಿಲ್ಲ.

ಕೊನೆಯ ಪರೀಕ್ಷೆ ಕೆಲಸವೇ. ಎರಡು ಅಂಗುಲ ದಪ್ಪದ ಸರಳನ್ನು ಚಕ್ಕಿನಲ್ಲಿ ಮಾತ್ರ ಹಿಡಿದು, ಟೇಲ್‌ಸ್ಟಾಕಿನ ಆಸರೆ ಕೊಡದೆ, ನಾಲ್ಕೈದು ಅಂಗುಲ ಅಂತರದ ಎರಡು ಕಡೆ ಒಂದೇ ಸೆಟ್ಟಿಂಗಿನಲ್ಲಿ ತೆಳುವಾಗಿ ಹೆರೆಯಿರಿ. ಎರಡನ್ನೂ ಮೈಕ್ರೋಮೀಟರಿನಲ್ಲಿ ಅಳೆಯಿರಿ. ವ್ಯತ್ಯಾಸ ಬಂದರೂ ಕೂಡಲೇ ಬೇಡವೆನ್ನಬೇಡಿ. ನೆಲ ಸಮವಿಲ್ಲದೆ ಬೆಡ್ ತಿರುಚಿಕೊಂಡಿದ್ದರೂ ಹೀಗಾಗುತ್ತದೆ. ಲೆವೆಲ್ ಮಾಡಿದರೆ ಅದು ಹೋಗುತ್ತದೆ. ಸವೆತ ಹಾಗೆ ಹೋಗುವುದಿಲ್ಲ.

ನೂರಿಪ್ಪತ್ತೇಳರ ಗೇರು

ಜೊತೆಗೆ ಏನು ಕೊಡುತ್ತಾರೆ ಎಂಬುದನ್ನೂ ನೋಡಬೇಕು. ಹಳೆಯ ಲೇತುಗಳಲ್ಲಿ ಹಲವು ಅಂಗುಲದ ಲೆಕ್ಕದವು. ಭಾರತ 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಹೊರಳಿತು. ಇಂದು ಗಿರಾಕಿ ಕೇಳುವುದು ಮಿಲಿಮೀಟರ್ ಮರೆ. ಒಂದು ಅಂಗುಲಕ್ಕೆ 25.4 ಮಿಲಿಮೀಟರ್. ಐದು ಅಂಗುಲಕ್ಕೆ ಸರಿಯಾಗಿ 127. ಹೀಗಾಗಿ 127 ಹಲ್ಲಿನ ಗೇರಿದ್ದರೆ ಅಂಗುಲದ ಲೇತಿನಲ್ಲೂ ಮಿಲಿಮೀಟರ್ ಮರೆಯನ್ನು ಕರಾರುವಾಕ್ಕಾಗಿ ಕತ್ತರಿಸಬಹುದು. ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿರುವ ಆ ಗೇರನ್ನು ಗುಜರಿಯೆಂದು ಬಿಟ್ಟು ಬಂದವರು ಆಮೇಲೆ ಪರದಾಡುತ್ತಾರೆ.

ದೋಷಗಳಲ್ಲೂ ಎರಡು ಬಗೆ. ಕ್ರಾಸ್ ಸ್ಲೈಡಿನ ಹಿಡಿಕೆ ಸ್ವಲ್ಪ ಖಾಲಿ ತಿರುಗಿದರೆ ನಟ್ ಬದಲಿಸಿದರಾಯಿತು. ಬೆಲ್ಟ್, ಮೋಟಾರು, ಚಕ್ಕಿನ ದವಡೆ ಎಲ್ಲವೂ ದುಡ್ಡಿಗೆ ಸಿಗುತ್ತವೆ. ಬೆಡ್ ಮತ್ತು ಸ್ಪಿಂಡಲ್ ಮಾತ್ರ ಹಾಗಲ್ಲ. ತಯಾರಿಸಿದ ಕಂಪನಿಯೇ ಇಲ್ಲದಾಗ ಬಿಡಿಭಾಗವನ್ನು ಯಾರಾದರೂ ಹೊಸದಾಗಿ ಮಾಡಿಕೊಡಬೇಕು. ಆ ಖರ್ಚು ಲೇತಿನ ಬೆಲೆಯನ್ನೇ ಮೀರಬಹುದು.

ಸವೆತವೆಂದರೆ ಅಸಹ್ಯಪಡುವಂಥದ್ದೇನೂ ಅಲ್ಲ. ಯಾರೋ ಒಬ್ಬ ಟರ್ನರ್ ದಿನವೂ ಎಂಟು ಗಂಟೆ ನಿಂತು ಸಂಸಾರ ಸಾಕಿದ ಗುರುತು ಅದು. ಕೊಳ್ಳುವವನು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಈ ಲೇತ್ ಇನ್ನೊಂದು ಸಂಸಾರ ಸಾಕುವಷ್ಟು ಉಳಿದಿದೆಯೇ? ಅದಕ್ಕೆ ಉತ್ತರ ಬಣ್ಣದಲ್ಲಿಲ್ಲ, ಬೆಡ್ಡಿನಲ್ಲಿದೆ.