ಮೂರನೆಯ ಕಲಮು, ಒಂಬತ್ತನೆಯ ಕಲಮು

ಕೆಂಗೇರಿ ಹೋಬಳಿಯ ಕೊಮ್ಮಘಟ್ಟ, ರಾಮೋಹಳ್ಳಿಗಳ ಕಡೆಯಲ್ಲಿ ಹಿರಿಯರ ಜಮೀನನ್ನುಳಿಸಿಕೊಂಡು ತಾವು ವಿಜಯನಗರದಲ್ಲೋ ರಾಜಾಜಿನಗರದಲ್ಲೋ ಸಂಸಾರ ಹೂಡಿರುವ ಗೃಹಸ್ಥರು ಹಲವರು. ತಂದೆಯವರು ಕಾಲವಾದ ಮೇಲೆ ಪಾಲಿನ ಮಾತೆದ್ದಾಗ ಪೆಟ್ಟಿಗೆಯಿಂದ ಹೊರಬೀಳುವ ಮೊದಲ ಕಾಗದವೇ ಪಹಣಿ. ಅಣ್ಣ ತಮ್ಮಂದಿರ ನಡುವೆ ಮೊದಲ ಬಿರುಕು ಹುಟ್ಟುವುದೂ ಬಹುವೇಳೆ ಅದರಿಂದಲೇ.

ಪಹಣಿಯ ಮೂರನೆಯ ಕಲಮಿನಲ್ಲಿ ಜಮೀನಿನ ವಿಸ್ತೀರ್ಣವಿರುತ್ತದೆ. ಒಂಬತ್ತನೆಯದರಲ್ಲಿ ಮಾಲೀಕರ ಹೆಸರುಗಳೂ ಅವರವರ ಪಾಲೂ ಇರುತ್ತವೆ. ಇವೆರಡೂ ತಾಳೆಯಾಗಬೇಕು. ಆಗದಿದ್ದರೆ ಮಾರಾಟ, ಸಾಲ, ಖಾತೆ ಬದಲಾವಣೆ ಎಲ್ಲಕ್ಕೂ ತೊಡಕು.

ಕೈಬರಹದ ಪುಸ್ತಕದಲ್ಲಿ ಈ ಲೆಕ್ಕವನ್ನು ಕೂಡಿ ನೋಡುವವರು ವಿರಳ. 2000ದ ಸುಮಾರಿನಲ್ಲಿ ಕರ್ನಾಟಕ ಸರ್ಕಾರವು 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದಾಗ, ಹಳೆಯ ತಪ್ಪುಗಳೂ ಅವುಗಳ ಜೊತೆಗೇ ಏರಿದವು. ಯಂತ್ರವು ಕೂಡಬಲ್ಲುದು, ಆದರೆ ಯಾವ ಅಂಕಿ ನಿಜವೆಂದು ಹೇಳಲಾರದು.

ಲೆಕ್ಕವೂ ಸಾಮಾನ್ಯವಾದುದಲ್ಲ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಒಂದು ಎಕರೆ ಇಪ್ಪತ್ತು ಗುಂಟೆಯ ಎರಡು ಪಾಲುಗಳನ್ನು 1.20, 1.20 ಎಂದು ಬರೆದು ಶಾಲೆಯ ಕ್ರಮದಲ್ಲಿ ಕೂಡಿದರೆ 2.40 ಬರುತ್ತದೆ. ನಿಜವಾದ ಮೊತ್ತ ಮೂರು ಎಕರೆ! ಆದ್ದರಿಂದಲೇ ಎಕರೆಗೂ ಗುಂಟೆಗೂ ಬೇರೆ ಬೇರೆ ಮನೆಗಳಿರಬೇಕು. ಗುಂಟೆಯ ಮನೆಯಲ್ಲಿ 45 ಎಂದು ಯಾರಾದರೂ ತುಂಬಿದರೆ ನಮೂನೆಯೇ ಅದನ್ನು ತಿರಸ್ಕರಿಸಬೇಕು.

ಒಂದು ಉದಾಹರಣೆಯನ್ನು ನೋಡಬಹುದು. ಒಟ್ಟು 2 ಎಕರೆ 10 ಗುಂಟೆ. ಅದರಲ್ಲಿ ಖರಾಬು 4 ಗುಂಟೆ. ಉಳಿದದ್ದು 2 ಎಕರೆ 6 ಗುಂಟೆ. ಒಂಬತ್ತನೆಯ ಕಲಮಿನಲ್ಲಾದರೋ ಇಬ್ಬರು ಸೋದರರಿಗೂ ತಲಾ 1 ಎಕರೆ 5 ಗುಂಟೆ. ತಮ್ಮನು ಅಣ್ಣನನ್ನೂ ಅಣ್ಣನು ತಮ್ಮನನ್ನೂ ಶಂಕಿಸುವ ಮೊದಲು ವ್ಯತ್ಯಾಸವೆಷ್ಟೆಂದು ನೋಡಿದರೆ ಸಾಕು: ಸರಿಯಾಗಿ 4 ಗುಂಟೆ. ಖರಾಬನ್ನು ಕಳೆಯದೆ ಪಾಲು ಬರೆದಿದ್ದಾರೆ, ಅಷ್ಟೆ. ಕದ್ದವರು ಯಾರೂ ಇಲ್ಲ.

ಎಲ್ಲ ತಪ್ಪುಗಳೂ ಇಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಹೊಸ ಮಾಲೀಕನ ಹೆಸರನ್ನು ಸೇರಿಸಿ, ಹಳಬನ ಪಾಲಿನಲ್ಲಿ ಅಷ್ಟನ್ನು ಇಳಿಸಲು ಮರೆತಿರುವುದೂ ಉಂಟು. ಆಗ ವರ್ಷವರ್ಷದ ಪಹಣಿಗಳನ್ನು ಹಿಂದಕ್ಕೆ ಹಿಂದಕ್ಕೆ ತಿರುವಿ, ಲೆಕ್ಕ ಮೊದಲು ತಪ್ಪಿದ ವರ್ಷವನ್ನು ಗುರುತಿಸಬೇಕು. ಆ ವರ್ಷದ ಹತ್ತನೆಯ ಕಲಮಿನಲ್ಲಿ ಕಾಣುವ ಮ್ಯುಟೇಷನ್ ಸಂಖ್ಯೆಯನ್ನು ಹಿಡಿದು ಮೂಲ ದಾಖಲೆಯನ್ನು ತೆಗೆಸಿದರೆ ಗಂಟು ಬಿಚ್ಚುವ ದಾರಿ ತೋರುತ್ತದೆ. ಸರ್ವೆ ಇಲಾಖೆಯ ಆಕಾರಬಂದ್ ವಿಸ್ತೀರ್ಣಕ್ಕೆ ಒರೆಗಲ್ಲು.

"ತಪ್ಪು ಕಣ್ಣೆದುರಿಗೇ ಇದೆಯಲ್ಲ ಸ್ವಾಮಿ, ಅಂಕಿಯೊಂದನ್ನು ತಿದ್ದಬಾರದೆ?" ಎಂದು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಬೇಸರಪಡುವವರುಂಟು. ಬೇಸರ ಸಹಜವೇ. ಆದರೆ ಹಿಂದೆ ಲೇಖನಿಯ ಒಂದೇ ಗೀಟಿನಿಂದ ಜಮೀನು ಕೈ ಬದಲಾಯಿಸಬಹುದಾಗಿತ್ತೆಂಬ ಭಯದಿಂದಲೇ 'ಭೂಮಿ'ಯಲ್ಲಿ ಸಿಬ್ಬಂದಿ ಬೆರಳಚ್ಚಿನ ಗುರುತು ಕೊಟ್ಟು ಒಳಹೋಗುವ ಏರ್ಪಾಡನ್ನು ಮಾಡಲಾಯಿತು. ಅರ್ಜಿ, ದಾಖಲೆಗಳ ಪರಿಶೀಲನೆ, ಅಧಿಕಾರಿಯ ಆದೇಶ, ಇಷ್ಟೂ ಆದ ಮೇಲೆಯೇ ಅಂಕಿ ಬದಲಾಗುತ್ತದೆ. ಅಷ್ಟರಲ್ಲಿ ಮನೆಯವರು ಒಂದು ಹಾಳೆಯಲ್ಲಿ ಲೆಕ್ಕವನ್ನು ಬರೆದು, ತಪ್ಪಿದ ವರ್ಷದ ಪಹಣಿಯನ್ನೂ ಅದರ ಹಿಂದಿನ ವರ್ಷದ ಪಹಣಿಯನ್ನೂ ಅರ್ಜಿಯೊಡನೆ ಲಗತ್ತಿಸಿದರೆ ಪರಿಶೀಲಿಸುವವರ ಕೆಲಸವೂ ಹಗುರವಾಗುತ್ತದೆ.